ಇಂಬಳ ಮತ್ತು ಉಪ್ಪಿನ ಪೊಟ್ಟಣ

ಕ್ಷಮಾವಣಿ ಮುಗಿದ ಮರುವಾರ ಕಾರ್ಕಳದ ಶ್ರಾವಕರೊಬ್ಬರು ಮೊಮ್ಮಗನೊಡನೆ ಕುದುರೆಮುಖದ ಕಾಡುಹಾದಿಯಲ್ಲಿ ನಡೆದಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, ಸುಮಾರು 600 ಚದರ ಕಿಲೋಮೀಟರು ವಿಸ್ತಾರದ ಈ ಅರಣ್ಯವು ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನ, ಸಿಂಗಳೀಕಗಳ ಆಶ್ರಯ. ಬಾಲಕನು ಹುಲಿಯನ್ನೋ ಕಾಟಿಯನ್ನೋ ಕಾಣುವ ಆಸೆಯಿಂದ ಬಂದಿದ್ದನು. ಕಂಡದ್ದು ಕಾಲಿಗೆ ಹತ್ತಿದ ಇಂಬಳ. ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದನು.

ಅಜ್ಜ ಕೈ ಹಿಡಿದರು. "ಉಪ್ಪು ಬಿದ್ದರೆ ಮೈಯ ನೀರು ಹಿಂಗಿ ಸಾಯುತ್ತದೆ ಮಗಾ. ದ್ವೀಂದ್ರಿಯ ಜೀವ ಅದು."

"ಕಚ್ಚಿದ್ದು ಅದೇ ಅಲ್ಲವೇ ಅಜ್ಜ?"

"ಅದರ ಮನೆಗೆ ಬಂದವರು ನಾವು."

ಉಗುರಿನಿಂದ ಮೆಲ್ಲನೆ ಅದರ ಬಾಯಿ ಬಿಡಿಸಿ ಎಲೆಯ ಮೇಲಿಟ್ಟರು. ರಕ್ತ ಒಸರುತ್ತಲೇ ಇತ್ತು.

"ಇಷ್ಟು ಕರುಣೆಯಿದ್ದರೆ, ಇಲ್ಲಿನ ಗಣಿಯಲ್ಲಿ ಹೇಗೆ ಕೆಲಸ ಮಾಡಿದಿರಿ?"

ಅಜ್ಜನಿಗೆ ಉತ್ತರ ದೊರೆಯಲಿಲ್ಲ. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಅಲ್ಲಿಯವರೆಗೂ ಅವರು ಅಲ್ಲಿ ಲೆಕ್ಕಪತ್ರ ಬರೆದವರು. ನೆಲವನ್ನು ಸಿಡಿಸುವ ಜೀವಿಕೆ ಶ್ರಾವಕನಿಗೆ ವರ್ಜ್ಯವೆಂಬುದನ್ನು ಅವರು ಬಲ್ಲರು. ತಾವು ಗುದ್ದಲಿ ಹಿಡಿದವರಲ್ಲ, ಲೇಖನಿ ಹಿಡಿದವರು ಎಂಬುದೇ ಅವರ ಸಮಾಧಾನವಾಗಿತ್ತು. ಆ ಸಂಬಳದಿಂದಲೇ ಮಕ್ಕಳು ಓದಿದರು. ಬಸದಿಗೆ ದಾನವೂ ಸಂದಿತು.

ಅಂದಿನ ಸಂಜೆಯ ಪ್ರತಿಕ್ರಮಣದಲ್ಲಿ ಅವರು ಮೊದಲ ಬಾರಿಗೆ ಆ ಬೆಟ್ಟದ ಜೀವರಾಶಿಯನ್ನು ನೆನೆದು ಕ್ಷಮೆ ಬೇಡಿದರು. ಮೊಮ್ಮಗನೂ ಪಕ್ಕದಲ್ಲಿ ಕುಳಿತನು.

ಕಣ್ಣೆದುರಿನ ಜೀವಕ್ಕೆ ದಯೆ ತೋರುವುದು ಸುಲಭ. ಜೀವನೋಪಾಯದ ಮರೆಯಲ್ಲಿ ಅಳಿದ ಜೀವಗಳನ್ನು ನೆನೆಯುವುದೇ ಕಠಿಣವಾದ ಅಹಿಂಸೆ.