ತುದಿಯ ಹೊಲ

ನವಲಗುಂದದ ನಮ್ಮ ಶಾಲೆಯ ಒಂದನೆಯ ಇಯತ್ತೆಯ ಹುಡುಗನೊಬ್ಬನಿಗೆ ಜ್ವರ ಬಂತು. ಬರಬರುತ್ತ ವಾಂತಿ, ಮಂಪರು. ಕುತ್ತಿಗೆ ಮುಂದಕ್ಕೆ ಬಾಗದಷ್ಟು ಬಿಗಿಯಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ನಮ್ಮ ಹಿರಿಯರ ಬಾಯಲ್ಲಿ ಅದು ಕೆ.ಎಂ.ಸಿ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದ ವೈದ್ಯರು, ಮಿದುಳಿನ ಪೊರೆಗೆ ಬ್ಯಾಕ್ಟೀರಿಯಾ ತಗುಲಿದೆ ಎಂದರು.

ನಾಲ್ಕನೆಯ ದಿನ ನೋಡಲು ಹೋದೆ. ಹುಡುಗ ಎದ್ದು ಕುಳಿತು ಬಿಸ್ಕೀಟು ತಿನ್ನುತ್ತಿದ್ದ. ತಂದೆ ಗಂಟು ಕಟ್ಟಿಟ್ಟಿದ್ದ.

"ಅಕ್ಕೋರ, ಜ್ವರಾ ಬಿಟ್ಟೈತಿ. ಹೊಲದಾಗ ಕಡ್ಲಿ ಒಣಗಿ ನಿಂತೈತಿ. ಇನ್ನೂ ಅಷ್ಟ ದೊಡ್ಡ ಇಂಜೆಕ್ಷನ್ ಯಾಕ್ರಿ? ಗುಳಗಿ ಕೊಟ್ರ ಮನ್ಯಾಗ ನುಂಗಸ್ತೇವಿ."

ನನಗೂ ಹಾಗೇ ಅನಿಸಿತು. ಜ್ವರ ಬಿಟ್ಟಿತೆಂದು ಅರ್ಧ ಔಷಧಿಯ ಶೀಶೆಯನ್ನು ಗೂಡಿನಲ್ಲಿಟ್ಟ ತಾಯಂದಿರಲ್ಲಿ ನಾನೂ ಒಬ್ಬಳು.

ಡಾಕ್ಟರಮ್ಮ ತಿಳಿಸಿ ಹೇಳಿದರು. ಸೆಫ್ಟ್ರಿಯಾಕ್ಸೋನ್ ದಿನಕ್ಕೆ ಕೆ.ಜಿ.ಗೆ 100 ಮಿಲಿಗ್ರಾಂ, 20 ಕೆ.ಜಿ.ಯ ಈ ಹುಡುಗನಿಗೆ 2 ಗ್ರಾಂ, ಅದೂ ರಕ್ತನಾಳದ ಮೂಲಕ. ರಕ್ತದಲ್ಲಿದ್ದುದೆಲ್ಲ ಮಿದುಳಿಗೆ ನುಗ್ಗದಂತೆ ದೇಹವೇ ಒಂದು ತಡೆ ಕಟ್ಟಿಕೊಂಡಿದೆ. ಅದು ಔಷಧಿಯನ್ನೂ ತಡೆಯುತ್ತದೆ. ಅಲ್ಪ ಪಾಲು ಮಾತ್ರ ಮಿದುಳಿನ ಸುತ್ತಲ ನೀರಿಗೆ ಇಳಿಯುತ್ತದೆ. ಆ ನೀರಿನಲ್ಲಿ ರೋಗವನ್ನು ಎದುರಿಸುವ ನಮ್ಮ ಸ್ವಂತ ಶಕ್ತಿಯೂ ಕಡಿಮೆ. ಔಷಧಿಯೇ ಕ್ರಿಮಿಗಳನ್ನು ಕೊಲ್ಲಬೇಕು. ಉರಿಯೂತವಿದ್ದಾಗ ತಡೆ ಸಡಿಲಾಗಿ ಔಷಧಿ ಹೆಚ್ಚು ಒಳಹೋಗುತ್ತದೆ. ಗುಣವಾಗುತ್ತ ಬಂದಂತೆ ಮತ್ತೆ ಬಿಗಿಯಾಗುತ್ತದೆ. ಆರಾಮಾಯಿತೆಂದು ಆಗ ಪ್ರಮಾಣ ಇಳಿಸಿದರೆ, ಅಳಿದುಳಿದ ಕ್ರಿಮಿಗಳನ್ನು ಕೊಲ್ಲುವಷ್ಟು ಔಷಧಿ ಅಲ್ಲಿಗೆ ತಲುಪದು. ಇವನಿಗೆ 10 ದಿನ ಪೂರ್ತಿ ಬೇಕು.

ತಂದೆ ಸುಮ್ಮನೆ ನೆಲ ನೋಡುತ್ತಿದ್ದ. ನಾನೆಂದೆ: "ತಮ್ಮಾ, ನಿನ್ನ ಹೊಲ ಮಲಪ್ರಭಾ ಕಾಲವಿ ತುದಿಗೆ ಐತಿ. ಮ್ಯಾಲ ಅರ್ಧಾನ ನೀರು ಬಿಟ್ರ?"

"ನಮಗ ಹನಿ ಸೈತ ಬರೂದಿಲ್ರಿ."

"ಮಿದುಳೂ ತುದೀ ಹೊಲಾನ. ಮ್ಯಾಲ ತುಂಬಿ ಹರದ್ರನ ಅಲ್ಲಿ ಒಂದೀಟು ಮುಟ್ಟತೈತಿ."

ಅವನು ಗಂಟು ಬಿಚ್ಚಿದ. 10 ದಿನವೂ ಉಳಿದ. ಅಷ್ಟರಲ್ಲಿ ಒಂದಿಷ್ಟು ಕಡಲೆ ಹೊಲದಲ್ಲೇ ಉದುರಿಹೋಯಿತು.

ಈ ಬೇನೆ ವಾಸಿಯಾದ ಮೇಲೂ ಕೆಲವು ಮಕ್ಕಳ ಕಿವಿ ಹೋಗುತ್ತದೆ, ಮರೆಯದೆ ಪರೀಕ್ಷೆ ಮಾಡಿಸಿರಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅದರ ದಿನ ಇನ್ನೂ ಬಂದಿರಲಿಲ್ಲ. ಹುಡುಗ ಶಾಲೆಗೆ ಬಂದ ದಿನ ನನಗೆ ತಡೆಯಲಾಗಲಿಲ್ಲ. ಅವನು ಪಾಟಿಯ ಮೇಲೆ ಬಗ್ಗಿ ಬರೆಯುತ್ತಿದ್ದಾಗ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದೆ.

"ಏನ್ರಿ ಅಕ್ಕೋರ?" ಎಂದು ತಿರುಗಿದ.