ಗಾರೆಯ ಶಿಶಿಕ್ಷು

ಅಪ್ರೆಂಟಿಸನಿಗೆ ಸರ್ಕಾರಿ ಕನ್ನಡದಲ್ಲಿ ‘ಶಿಶಿಕ್ಷು’ ಎಂದು ಹೆಸರು, ಕಲಿಯಬಯಸುವವನು. ನಾಲಿಗೆ ತೊಡರಿಸುವ ಪದ! ನಮ್ಮ ಸರ್ಕಾರಿ ಕಾಲೇಜಿನ ಹೊಸ ಕೊಠಡಿಗಳ ಗಾರೆ ಕೆಲಸದಲ್ಲಿ ಅಂಥವನೊಬ್ಬನನ್ನು ಕಂಡೆ. ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿದರೆ, ಬಾಂಡ್ಲಿ ಹೊತ್ತ ಇಪ್ಪತ್ತರ ಹುಡುಗನೂ ಮುಚ್ಚುತ್ತಾನೆ. ಅವನ ಪಾಠ ಅಷ್ಟೆ.

“ಇವನು ನಿಮ್ಮ ಶಿಶಿಕ್ಷುವೆ?” ಎಂದು ಗುತ್ತಿಗೆದಾರರನ್ನು ಕೇಳಿದೆ.

“ಹಾಗಂದರೇನು ಮೇಷ್ಟ್ರೇ? ಕೂಲಿ ಆಳು.”

ಅಲ್ಲಿದ್ದ ಆಳುಗಳು ನಲವತ್ತಕ್ಕೆ ಕಡಮೆಯಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯಡಿ 2019ರ ನಿಯಮ, 30 ಜನರಿರುವ ಕಡೆ ನೂರಕ್ಕೆ 2.5ರಿಂದ 15ರಷ್ಟು ಶಿಶಿಕ್ಷುಗಳು ಕಡ್ಡಾಯವೆಂದಿತು. ಗುತ್ತಿಗೆಯ ಆಳುಗಳೂ ಲೆಕ್ಕಕ್ಕೆ ಸೇರುತ್ತಾರೆ. ಟೆಂಡರಿನಲ್ಲಿ ಕಬ್ಬಿಣದ ದಪ್ಪ, ಸಿಮೆಂಟಿನ ಪಾಲು ಬರೆಸುವವರು ಈ ಒಂದು ಸಾಲನ್ನೂ ಬರೆಸಿ, ಬಿಲ್ಲು ಕೊಡುವಾಗ ವಿಚಾರಿಸಬಾರದೆ? ಹುಡುಗ ಈಗಾಗಲೇ ಕರಣೆ ಹಿಡಿದು ಮೂಲೆ ಕಟ್ಟಬಲ್ಲ. ಪ್ರಮಾಣಪತ್ರವಿಲ್ಲದೆ ಮುಂದಿನ ಊರಿಗೆ ಹೋದರೆ ತಲೆಗೆ ಮತ್ತೆ ಬಾಂಡ್ಲಿಯೇ.