ಸಿಂಗಾಪುರದಲ್ಲಿ ಅಜ್ಜಿ ಮತ್ತು ಹತ್ತು ಜನ!

ವಿಷ್ಣುವರ್ಧನ್, ದ್ವಾರಕೀಶ್ ಜೋಡಿಯ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ಬಂದದ್ದು 1978ರಲ್ಲಿ. ಹೊರದೇಶದಲ್ಲಿ ಶೂಟಿಂಗ್ ಆದ ಮೊದಲ ಕನ್ನಡ ಚಿತ್ರ ಅನ್ನೋ ಹೆಸರು ಅದಕ್ಕೆ. ಮಂಡ್ಯ ಸೀಮೆಯ ನಮ್ಮೂರ ಟೆಂಟಿನಲ್ಲಿ ನೆಲದ ಮೇಲೆ ಕೂತು ಅದನ್ನು ನೋಡಿದ ನಮ್ಮಜ್ಜಿಗೆ ಅವತ್ತಿಂದ ಒಂದೇ ಹಠ: ‘ಸಾಯೋದ್ರೊಳಗೆ ಆ ಊರ ಒಂದ್ಸಲ ನೋಡ್ಬೇಕು ಕಣ್ಲಾ!’

ಕೊನೆಗೂ ಅಕ್ಕ-ಭಾವ, ಚಿಕ್ಕಪ್ಪನ ಸಂಸಾರ ಎಲ್ಲಾ ಸೇರಿ 11 ಜನ ಹೊರಟೆವು. ಪತ್ರಿಕೆಗೆ ಬರೆಯೋನಿಗೆ ಎಲ್ಲಾ ಗೊತ್ತಿರುತ್ತೆ ಅಂತ, ಪಿ.ಯು.ಸಿ. ಬಿಟ್ಟ ನನ್ನನ್ನೇ ಪ್ರೊಡಕ್ಷನ್ ಮ್ಯಾನೇಜರ್ ಮಾಡಿದರು! ವೀಸಾ ದೊಡ್ಡ ಮಾತಲ್ಲ ಸ್ವಾಮೀ... ಇಷ್ಟು ಜನ ಮಲಗೋದೆಲ್ಲಿ, ಓಡಾಡೋದು ಹೇಗೆ?

ಮೊದಲ ಶಾಟೇ ಎನ್.ಜಿ.! ಒಂದೇ ಮನೆ ಹಿಡಿದರೆ ಅಗ್ಗ ಅಂತ ಒಬ್ಬ ಏಜೆಂಟನ ಮಾತು ನಂಬಿ, ನಾಲ್ಕು ದಿನದ ಫ್ಲಾಟಿಗೆ ಮುಂಗಡ ಕೊಟ್ಟೆ. ಆಮೇಲೆ ಗೊತ್ತಾಯ್ತು, ಸಿಂಗಾಪುರದಲ್ಲಿ ಖಾಸಗಿ ಮನೆಯನ್ನು 3 ತಿಂಗಳಿಗಿಂತ, ಸರ್ಕಾರಿ ಫ್ಲಾಟನ್ನು 6 ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡೋದು ಕಾನೂನಿಗೆ ವಿರುದ್ಧ! ಮುಂಗಡ ಗೋವಿಂದ.

‘ಇಷ್ಟು ದುಡ್ಡು ಹೋದ್ಮೇಲೆ ಅವ್ವನ್ನ ಬಿಟ್ಟೇ ಹೋಗೋಣ. ಮಂಡಿನೋವು ಬೇರೆ’ ಅಂದರು ಚಿಕ್ಕಪ್ಪ. ಒಳಗಿದ್ದ ಅಜ್ಜಿ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಊಟವನ್ನೂ ಮಾಡಲಿಲ್ಲ.

ನನ್ನ ತಪ್ಪಿಗೆ ಅವಳಿಗೆ ಶಿಕ್ಷೆಯೇ? ಸ್ಕ್ರಿಪ್ಟು ಮೊದಲಿನಿಂದ ಬರೆದೆ, ಅಜ್ಜಿಯ ಮಂಡಿಯನ್ನೇ ಹೀರೋ ಮಾಡಿ!

ಲಿಟ್ಲ್ ಇಂಡಿಯಾದಲ್ಲಿ, ಮೆಟ್ರೋ ನಿಲ್ದಾಣದ ಪಕ್ಕವೇ ಒಂದು ಹೋಟೆಲು. ಒಂದೇ ಮಹಡಿಯಲ್ಲಿ 4 ರೂಮು. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಸೆರಂಗೂನ್ ರಸ್ತೆಯಲ್ಲಿ ಇಡ್ಲಿ-ದೋಸೆ ಸಿಗುತ್ತೆ. ಬೆಂಗಳೂರಿಂದ ರಾತ್ರಿ ವಿಮಾನ ಹತ್ತಿದರೆ ನಾಲ್ಕೂವರೆ ಗಂಟೆ ಹಾರಾಟ, ಬೆಳಿಗ್ಗೆ ಇಳಿಯುತ್ತೀರಿ. ಆದರೆ ಹೋಟೆಲಿನವರು ಸಾಮಾನ್ಯವಾಗಿ ರೂಮು ಕೊಡೋದು ಮಧ್ಯಾಹ್ನ ಎರಡು-ಮೂರರ ಮೇಲೆ! ಅದಕ್ಕೇ ಅಜ್ಜಿಯ ರೂಮೊಂದನ್ನು ಮಾತ್ರ ಹಿಂದಿನ ರಾತ್ರಿಯಿಂದಲೇ ಹಿಡಿದೆ. ಬಂದವಳೇ ಕಾಲು ಚಾಚಿ ಮಲಗಿದಳು.

ಅಲ್ಲಿನ ಮಾಮೂಲಿ ಟ್ಯಾಕ್ಸಿಗೆ 4 ಜನ ಮಾತ್ರ. ಐದನೆಯವನನ್ನು ತೊಡೆ ಮೇಲೆ ಕೂರಿಸೋ ನಮ್ಮೂರ ಲೆಕ್ಕ ನಡೆಯೋದಿಲ್ಲ. ಏರ್‌ಪೋರ್ಟಿಗೆ 13 ಸೀಟಿನ ವ್ಯಾನು ಮೊದಲೇ ಗೊತ್ತು ಮಾಡಿದ್ದೆ. ಮಿಕ್ಕ ಓಡಾಟವೆಲ್ಲಾ ಮೆಟ್ರೋದಲ್ಲಿ, ತಲೆಗೊಂದು ಕಾರ್ಡು. ರೈಲಿನಲ್ಲಿ ಚಕ್ಕುಲಿ ಚೀಲ ಬಿಚ್ಚೀರಿ ಜೋಕೆ, 500 ಡಾಲರ್‌ವರೆಗೂ ದಂಡ!

ಕಡೆಯ ದಿನ, ಬಾಯಿಂದ ನೀರು ಚಿಮ್ಮಿಸೋ ಮೆರ್‌ಲಯನ್ ಪ್ರತಿಮೆಯ ಮುಂದೆ ಅಜ್ಜಿ ಬಹಳ ಹೊತ್ತು ಕೂತಿದ್ದಳು. ‘ಟೆಂಟಲ್ಲಿ ನೋಡ್ದಾಗ ಈ ಊರೆಲ್ಲಾ ಸುಳ್ಳು, ಸೆಟ್ ಹಾಕವ್ರೆ ಅನ್ಕಂಡಿದ್ದೆ ಕಣ್ಲಾ’ ಅಂದಳು. ಅವಳ ಮೊಣಕೈ ಹಿಡಿದು ಎಬ್ಬಿಸಿದವರು ಬೇರಾರೂ ಅಲ್ಲ, ನಮ್ಮ ಚಿಕ್ಕಪ್ಪ!

ಸಂಸಾರ ಕಟ್ಟಿಕೊಂಡು ಹೊರಡೋ ಗೆಳೆಯರೇ, ಎಲ್ಲರಿಗಿಂತ ನಿಧಾನ ನಡೆಯೋರು ಯಾರು ನೋಡಿ, ಅವರಿಗೆ ತಕ್ಕಂತೆ ರೂಮು ಹಿಡೀರಿ, ಗಾಡಿ ಹಿಡೀರಿ. ಮಿಕ್ಕವರಿಗೆ ತಾನಾಗಿ ಸರಿಹೋಗುತ್ತೆ.

ಅಂದಹಾಗೆ, ಆ ಏಜೆಂಟ್ ಮಹಾಶಯ ಇನ್ನೂ ಫೋನ್ ಎತ್ತಿಲ್ಲ!